ಹದಿನೇಳನೇ ಸ್ಥಾನದಿಂದ ಮಹಾಕಪ್ಪಿಗೆ

ಯುರೋಪಿನ ಅತ್ಯುತ್ತಮ ಫುಟ್‌ಬಾಲ್ ಕ್ಲಬ್ ಯಾವುದೆಂಬುದು ಚಾಂಪಿಯನ್ಸ್ ಲೀಗ್ ಫೈನಲ್ ಮುಗಿದ ರಾತ್ರಿಯೇ ಇತ್ಯರ್ಥವಾಗಿರುತ್ತದೆ. ಅಷ್ಟಕ್ಕೇ ಸುಮ್ಮನಾಗುವ ಜಾಯಮಾನ ಯುರೋಪಿನ ಫುಟ್‌ಬಾಲ್ ಆಳುವ ಸಂಸ್ಥೆಯಾದ ಯುಇಎಫ್‌ಎಯದಲ್ಲ. ಚಾಂಪಿಯನ್ ಆದವರು ನಿಜಕ್ಕೂ ಚಾಂಪಿಯನ್ನರೇ ಎಂದು ಆಗಸ್ಟಿನ ಒಂದು ಬುಧವಾರ ಮರುಪರಿಶೀಲನೆ ನಡೆಯುತ್ತದೆ. ಅದರ ಹೆಸರು ಸೂಪರ್ ಕಪ್. ಒಂದೇ ಪಂದ್ಯ, 90 ನಿಮಿಷ. ಗೆದ್ದವರಿಗೆ 58 ಸೆಂಟಿಮೀಟರ್ ಎತ್ತರದ, 12.2 ಕಿಲೋ ತೂಕದ ಕಪ್. ಹಿಂದೆ ಕೊಡುತ್ತಿದ್ದದ್ದು ಬರೀ 5 ಕಿಲೋ ಇತ್ತು, ಯುರೋಪಿನ ಕ್ಲಬ್ ಟ್ರೋಫಿಗಳಲ್ಲೇ ಹಗುರವಾದದ್ದು. ಪಂದ್ಯಕ್ಕೆ ತೂಕ ತರುವುದು ಕಷ್ಟವೆಂದು ಕಂಡಿರಬೇಕು, 2006ರಲ್ಲಿ ಕಪ್ಪಿನ ತೂಕ ಹೆಚ್ಚಿಸಿದರು.

ಈ ಪಂದ್ಯಕ್ಕೆ ಅರ್ಹತೆ ಪಡೆಯುವ ಬಗೆಯೇ ಸೊಗಸು. ಒಂದು ಕಡೆ ಚಾಂಪಿಯನ್ಸ್ ಲೀಗ್ ಗೆದ್ದವರು, ಇನ್ನೊಂದು ಕಡೆ ಎರಡನೇ ದರ್ಜೆಯ ಯುರೋಪಾ ಲೀಗ್ ಗೆದ್ದವರು. 2025ರಲ್ಲಿ ಯುರೋಪಾ ಲೀಗಿನ ಫೈನಲ್ ಆಡಿದವರು ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಟಾಟೆನ್‌ಹ್ಯಾಮ್. ಆ ವರ್ಷ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಯುನೈಟೆಡ್ 15ನೆಯದು, ಟಾಟೆನ್‌ಹ್ಯಾಮ್ 17ನೆಯದು. ಇರುವುದೇ 20 ತಂಡ, ಅದರಲ್ಲಿ ಕಡೆಯ ಮೂರು ಕೆಳದರ್ಜೆಗೆ ಜಾರುತ್ತವೆ. ಅಂದರೆ 38 ಪಂದ್ಯಗಳಲ್ಲಿ 22 ಸೋತು, ಬಚಾವಾದವರ ಸಾಲಿನ ಕಟ್ಟಕಡೆಗೆ ನಿಂತ ತಂಡವೊಂದು ಸ್ಪೇನಿನ ಬಿಲ್ಬಾವೊದಲ್ಲಿ ಆ ಫೈನಲ್ ಅನ್ನು 1-0ಯಿಂದ ಗೆದ್ದು ಯುರೋಪಿನ ಮಹಾಚಾಂಪಿಯನ್ ಪಟ್ಟಕ್ಕೆ ಅರ್ಜಿ ಹಾಕಿತು. ಅರ್ಜಿ ಅಂಗೀಕಾರವೂ ಆಯಿತು. ಆಗಸ್ಟ್ 13ರಂದು ಇಟಲಿಯ ಉಡಿನೆಯಲ್ಲಿ ಪಂದ್ಯದ 85ನೇ ನಿಮಿಷದವರೆಗೆ ಅದು ಆ ವರ್ಷದ ಚಾಂಪಿಯನ್ಸ್ ಲೀಗ್ ಗೆದ್ದಿದ್ದ ಪ್ಯಾರಿಸ್ಸಿನ ಪಿಎಸ್‌ಜಿ ವಿರುದ್ಧ 2-0 ಮುಂದಿತ್ತು. ಅಲ್ಲಿಗೇ ಶಿಳ್ಳೆ ಊದಿದ್ದರೆ, ಸ್ವಂತ ದೇಶದಲ್ಲೇ 16 ತಂಡಗಳಿಗಿಂತ ಕೆಳಗಿದ್ದವರು ಇಡೀ ಖಂಡದಲ್ಲಿ ಎಲ್ಲರಿಗಿಂತ ಮೇಲಾಗಿರುತ್ತಿದ್ದರು. ಪಿಎಸ್‌ಜಿಯ ಲೀ ಕಾಂಗ್-ಇನ್ 85ರಲ್ಲಿ, ಗೊನ್ಸಾಲೊ ರಾಮೊಸ್ 90ರ ಮೇಲೆ ಸೇರಿಸಿದ ನಾಲ್ಕನೇ ನಿಮಿಷದಲ್ಲಿ ಗೋಲು ಹೊಡೆದು, ಪೆನಾಲ್ಟಿಯಲ್ಲಿ ಪಿಎಸ್‌ಜಿಗೆ 4-3 ಆಗಿ ಲೆಕ್ಕ ಹೇಗೋ ಸರಿಹೋಯಿತು.

ಕೆಟ್ಟು ಪಟ್ಟಣ ಸೇರು ಎನ್ನುವ ಗಾದೆಯನ್ನು ನಿಯಮಾವಳಿಗೆ ಸೇರಿಸಿದ ಕೀರ್ತಿಯೂ ಇದೇ ಸಂಸ್ಥೆಗೆ ಸಲ್ಲಬೇಕು. 2023-24ರ ಋತುವಿನವರೆಗೂ ಚಾಂಪಿಯನ್ಸ್ ಲೀಗಿನ ಗುಂಪಿನಲ್ಲಿ ಮೂರನೆಯವರಾಗಿ ಹೊರಬಿದ್ದವರು ಮನೆಗೆ ಹೋಗಬೇಕಾಗಿರಲಿಲ್ಲ. ಪಕ್ಕದ ಬಾಗಿಲಿನಿಂದ ಯುರೋಪಾ ಲೀಗಿಗೆ ನುಗ್ಗಬಹುದಿತ್ತು. ಸ್ಪೇನಿನ ಸೆವಿಯಾ ಈ ಬಾಗಿಲಿನ ಕಾಯಂ ಗಿರಾಕಿ. 2022ರ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರ್ ಸಿಟಿ ಅವರ ಊರಿಗೇ ಬಂದು 4-0ಯಿಂದ ಸೋಲಿಸಿತು. ನವೆಂಬರಿನಲ್ಲಿ ತನ್ನೂರಿಗೆ ಕರೆಸಿಕೊಂಡು 3-1ರಿಂದ ಸೋಲಿಸಿತು. ಗುಂಪಿನಲ್ಲಿ ಮೂರನೇ ಸ್ಥಾನ ಪಡೆದ ಸೆವಿಯಾ ಯುರೋಪಾ ಲೀಗಿಗೆ ಇಳಿದು ಅದನ್ನು ಗೆದ್ದಿತು. ಸ್ಪೇನಿನ ಲೀಗಿನಲ್ಲಿ ಅದರ ಸ್ಥಾನ 12. ಸಿಟಿ ಅತ್ತ ಚಾಂಪಿಯನ್ಸ್ ಲೀಗ್ ಗೆದ್ದಿತು. ಇವರಿಬ್ಬರಲ್ಲಿ ಯಾರು ಮೇಲು ಎಂಬ ಗೂಢ ಪ್ರಶ್ನೆ 7-1ರ ಒಟ್ಟು ಲೆಕ್ಕದಿಂದ ಬಗೆಹರಿಯದೆ ಉಳಿದಿತ್ತಾದ್ದರಿಂದ 2023ರ ಆಗಸ್ಟ್ 16ರಂದು ಗ್ರೀಸಿನ ಪಿರೇಯಸ್‌ನಲ್ಲಿ ಮತ್ತೊಮ್ಮೆ ಆಡಿಸಿದರು. 1-1. ಪೆನಾಲ್ಟಿಯಲ್ಲಿ ಸೆವಿಯಾದ ಕೊನೆಯ ಒದೆತ ಗೋಲಿನ ಅಡ್ಡಪಟ್ಟಿಗೆ ಬಡಿದದ್ದರಿಂದ ಸಿಟಿ 5-4ರಲ್ಲಿ ಪಾರಾಯಿತು. ಆ ಚೆಂಡು ನಾಲ್ಕು ಬೆರಳು ಕೆಳಗೆ ಹೋಗಿದ್ದರೆ ಇನ್ನೂ ಒದೆಯುತ್ತಿದ್ದರು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೇ ತಿಂಗಳಲ್ಲಿ ಗೆದ್ದ ತಂಡವೇ ಆಗಸ್ಟಿನಲ್ಲಿ ಆಡುತ್ತದೆಂದು ನಂಬಿಕೊಂಡರೆ ಅದು ನಿಮ್ಮ ತಪ್ಪು. ನಡುವೆ ಆಟಗಾರರ ಖರೀದಿ-ಮಾರಾಟದ ಸಂತೆ ನಡೆದಿರುತ್ತದೆ, ಸೂಪರ್ ಕಪ್ಪಿನ ದಿನವೂ ಸಂತೆ ಮುಚ್ಚಿರುವುದಿಲ್ಲ. ಟಾಟೆನ್‌ಹ್ಯಾಮಿಗೆ ಯುರೋಪಾ ಲೀಗ್ ಗೆಲ್ಲಿಸಿದ ಕೋಚ್ ಆ್ಯಂಜ್ ಪೊಸ್ಟೆಕೊಗ್ಲು ಗೆದ್ದ 16ನೇ ದಿನ ಕೆಲಸ ಕಳೆದುಕೊಂಡರು. ಕಪ್ ಎತ್ತಿದ್ದ ನಾಯಕ ಸನ್ ಹ್ಯೂಂಗ್-ಮಿನ್ ಸೂಪರ್ ಕಪ್ಪಿಗೆ ವಾರ ಮುಂಚೆ ಲಾಸ್ ಏಂಜಲೀಸಿಗೆ ಹೊರಟರು. ಪಿಎಸ್‌ಜಿಯನ್ನು ಚಾಂಪಿಯನ್ಸ್ ಲೀಗಿನ ಉದ್ದಕ್ಕೂ ಕಾಪಾಡಿದ ಗೋಲ್‌ಕೀಪರ್ ಡೊನ್ನಾರುಮಾ ಹೆಸರು ಉಡಿನೆಯ ಪಟ್ಟಿಯಲ್ಲೇ ಇರಲಿಲ್ಲ. ಲಿಲ್ ಕ್ಲಬ್ಬಿನಿಂದ ಆಗಷ್ಟೇ ಕೊಂಡುತಂದ ಶೆವಾಲಿಯೆ ಆ ಜಾಗದಲ್ಲಿ ನಿಂತರು. ಪಿರೇಯಸ್‌ನಲ್ಲಿ ಸಿಟಿಯ ಏಕೈಕ ಗೋಲು ಹೊಡೆದ ಕೋಲ್ ಪಾಮರ್‌ನನ್ನು ಎರಡೇ ವಾರಕ್ಕೆ ಚೆಲ್ಸಿಗೆ ಮಾರಿದರು. ಹಾಗಾಗಿ ಪರೀಕ್ಷೆಗೆ ಒಳಗಾಗುವುದು ಯಾರ ಶ್ರೇಷ್ಠತೆ? ಅಂಗಿಯ ಬಣ್ಣದ್ದಿರಬೇಕು.

ಕಾಲುಗಳ ಸ್ಥಿತಿಯನ್ನೂ ನೋಡೋಣ. ಋತು ಶುರುವಾಗುವ ಮುನ್ನ ಒಂದು ವೃತ್ತಿಪರ ತಂಡಕ್ಕೆ ಐದಾರು ವಾರ ತಯಾರಿ ಬೇಕು. ಮೊದಲು ಓಟ, ಕಸರತ್ತು, ಆಮೇಲೆ ಅಭ್ಯಾಸ ಪಂದ್ಯಗಳಲ್ಲಿ 45 ನಿಮಿಷ, 60 ನಿಮಿಷ ಎಂದು ಮೆಲ್ಲಗೆ ಏರಿಸುತ್ತ 90ಕ್ಕೆ ಮುಟ್ಟಿಸುತ್ತಾರೆ. ಅವಸರ ಮಾಡಿದರೆ ಮೊದಲು ಹಿಡಿಯುವುದು ತೊಡೆಯ ಹಿಂಭಾಗದ ಸ್ನಾಯು. ಪಿಎಸ್‌ಜಿ 2024-25ರ ಋತುವಿನಲ್ಲಿ ಒಟ್ಟು 65 ಪಂದ್ಯ ಆಡಿ, ಕೊನೆಯದನ್ನು ಜುಲೈ 13ರಂದು ಅಮೆರಿಕದಲ್ಲಿ ಮುಗಿಸಿತ್ತು. ಸರಿಯಾಗಿ ಒಂದು ತಿಂಗಳಿಗೆ ಉಡಿನೆ. ಆಟಗಾರರಿಗೆ ರಜೆ ಕೊಟ್ಟು ಉಳಿದದ್ದರಲ್ಲಿ ತಾಲೀಮಿಗೆ ಸಿಕ್ಕಿದ್ದು ಒಂದು ವಾರದಷ್ಟು. ಮೊದಲ ಒಂದು ಗಂಟೆ ಅವರು ಹೇಗೆ ಆಡಿದರೆಂದು ಕೇಳಬೇಡಿ. ಆದರೆ ಪಟ್ಟಿಯಲ್ಲಿ 23 ಹೆಸರು, ಐದು ಬದಲಾವಣೆಗೆ ಅವಕಾಶ. ಗೋಲು ಹೊಡೆದ ಲೀ, ರಾಮೊಸ್ ಇಬ್ಬರೂ ಬದಲಿಯಾಗಿ ಬಂದವರೇ. ಹಾಗೆ ನೋಡಿದರೆ ಈ ಪಂದ್ಯ ಅಳೆಯುವುದು ಯಾರ ಬೆಂಚಿನಲ್ಲಿ ಹೆಚ್ಚು ದುಡ್ಡು ಕೂತಿದೆ ಎಂಬುದನ್ನು.

ಜಾಗದ ಆಯ್ಕೆಯಂತೂ ಮದುವೆ ಮುಗಿದು ಎರಡು ತಿಂಗಳಾದ ಮೇಲೆ ಎರಡೂ ಕಡೆಯವರಿಗೆ ಸಂಬಂಧವಿಲ್ಲದ ಮೂರನೇ ಊರಿನ ಛತ್ರದಲ್ಲಿ ಬೀಗರೂಟ ಇಟ್ಟುಕೊಂಡ ಹಾಗೆ. 2018ರಲ್ಲಿ ರಿಯಲ್ ಮ್ಯಾಡ್ರಿಡ್, ಅಟ್ಲೆಟಿಕೊ ಮ್ಯಾಡ್ರಿಡ್ ಎದುರಾದವು. ಒಂದೇ ಊರು, ಒಬ್ಬರ ಮೈದಾನದಿಂದ ಇನ್ನೊಬ್ಬರದಕ್ಕೆ ಮೆಟ್ರೋದಲ್ಲಿ ಹೋಗಬಹುದು. ಪಂದ್ಯ ಇಟ್ಟದ್ದು ಎಸ್ಟೋನಿಯಾದ ಟಾಲಿನ್‌ನಲ್ಲಿ, ಸುಮಾರು 2,900 ಕಿಲೋಮೀಟರ್ ಆಚೆ. ಮರುವರ್ಷ ಲಿವರ್‌ಪೂಲ್ ಮತ್ತು ಲಂಡನ್ನಿನ ಚೆಲ್ಸಿ ಇಸ್ತಾಂಬುಲ್‌ಗೆ ಹಾರಿದವು. ಅದಕ್ಕೂ ಮೊದಲು, 1998ರಿಂದ 2012ರವರೆಗೆ, ಹದಿನೈದು ಸಲ ಮೊನಾಕೊದಲ್ಲೇ ನಡೆಯಿತು. ಅಲ್ಲಿನ ಲೂಯಿ ದ್ವಿತೀಯ ಕ್ರೀಡಾಂಗಣದ ಹುಲ್ಲಿನಡಿ ಇರುವುದು ಕಾರ್ ಪಾರ್ಕಿಂಗ್. ಹುಲ್ಲು ಚೆನ್ನಾಗಿ ಬೇರೂರದೆ ಬೂಟಿನ ತುದಿಗೆ ಕಿತ್ತುಬರುತ್ತಿತ್ತು. ಯುರೋಪಿನ ಅತ್ಯುತ್ತಮ ತಂಡ ಯಾವುದೆಂಬುದು ಕಾರುಗಳ ತಲೆಯ ಮೇಲೆ ನಿರ್ಧಾರವಾಗುತ್ತಿತ್ತು. ಅದೇ ವಾರ ಅದೇ ಊರಿನಲ್ಲಿ ಹೊಸ ಋತುವಿನಲ್ಲಿ ಯಾರಿಗೆ ಯಾರು ಎದುರಾಳಿ ಎಂದು ಚೀಟಿ ಎತ್ತುವ ಡ್ರಾ ಸಮಾರಂಭವೂ ಇರುತ್ತಿದ್ದರಿಂದ ಅತಿಥಿಗಳಿಗೆ ಸಂಜೆ ಹೊತ್ತು ಕಳೆಯಲು ಒಂದು ದಾರಿಯಾಗುತ್ತಿತ್ತೆನ್ನಿ.

ದಿನಾಂಕದ ವಿಷಯಕ್ಕೆ ಬಂದರೆ 1974ನ್ನು ಯಾರೂ ಮೀರಿಸಲಾರರು. ಬಯರ್ನ್ ಮ್ಯೂನಿಕ್ ಮತ್ತು ಪೂರ್ವ ಜರ್ಮನಿಯ ಮ್ಯಾಗ್ಡೆಬರ್ಗ್ ಸೂಪರ್ ಕಪ್ ಆಡಬೇಕಿತ್ತು. ಆಗ ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದು ಎಂದು ಎರಡು ಪಂದ್ಯ. ಇಬ್ಬರಿಗೂ ಹೊಂದುವ ದಿನ ಸಿಗಲಿಲ್ಲವೆಂದು ರದ್ದಾಯಿತು. ಅದೇ ಶರತ್ಕಾಲದಲ್ಲಿ ಯುರೋಪಿಯನ್ ಕಪ್ಪಿನ (ಚಾಂಪಿಯನ್ಸ್ ಲೀಗಿಗೆ ಆಗಿದ್ದ ಹೆಸರು) ಎರಡನೇ ಸುತ್ತಿನಲ್ಲಿ ಡ್ರಾ ಪ್ರಕಾರ ಇದೇ ಎರಡು ತಂಡಗಳು ಮ್ಯೂನಿಕ್‌ನಲ್ಲೊಮ್ಮೆ, ಮ್ಯಾಗ್ಡೆಬರ್ಗ್‌ನಲ್ಲೊಮ್ಮೆ ಆಡಿದವು. ಬಯರ್ನ್ 3-2, 2-1ರಿಂದ ಗೆದ್ದಿತು. ಎರಡು ತಂಡ, ಎರಡು ಊರು, ಎರಡು ಪಂದ್ಯ, ಎಲ್ಲವೂ ಇತ್ತು. ಅಲ್ಲೊಂದು ಮೇಜಿನ ಮೇಲೆ ಕಪ್ ತಂದಿಡುವುದಷ್ಟೇ ಬಾಕಿ ಇತ್ತು.

2013ರಿಂದ 2021ರವರೆಗಿನ ಒಂಬತ್ತು ಪಂದ್ಯಗಳಲ್ಲಿ ಏಳು 90 ನಿಮಿಷಕ್ಕೆ ಮುಗಿಯದೆ ಹೆಚ್ಚುವರಿ ಅರ್ಧ ಗಂಟೆಗೆ ಹೋದವು. ತಯಾರಿಯಿಲ್ಲದ ಕಾಲುಗಳಿಗೆ 120 ನಿಮಿಷ. 2019ರ ಬುಧವಾರ ರಾತ್ರಿ ಇಸ್ತಾಂಬುಲ್‌ನಲ್ಲಿ ಹೀಗೆ ಪೆನಾಲ್ಟಿವರೆಗೆ ಎಳೆದಾಡಿ ಗೆದ್ದ ಲಿವರ್‌ಪೂಲ್‌ಗೆ ಶನಿವಾರ ಸೌತಾಂಪ್ಟನ್‌ನಲ್ಲಿ ಲೀಗ್ ಪಂದ್ಯ ಕಾದಿತ್ತು. ನಿರ್ಣಾಯಕ ಪೆನಾಲ್ಟಿ ತಡೆದ ಗೋಲ್‌ಕೀಪರ್ ಏಡ್ರಿಯನ್ ಕ್ಲಬ್ಬಿಗೆ ಸೇರಿ ಒಂಬತ್ತು ದಿನವಾಗಿತ್ತಷ್ಟೇ. ಸಂಭ್ರಮದಲ್ಲಿ ಬೇಲಿ ಹಾರಿ ಓಡಿಬಂದ ಅಭಿಮಾನಿಯೊಬ್ಬ ಜಾರಿ ಅವರ ಪಾದದ ಕೀಲಿಗೇ ಬಡಿದ. ಊದಿದ ಕಾಲಿನಲ್ಲೇ ಶನಿವಾರ ಆಡಿ, ತನ್ನ ಒದೆತವನ್ನು ನೇರ ಎದುರಾಳಿ ಡ್ಯಾನಿ ಇಂಗ್ಸ್ ಕಾಲಿಗೆ ಕೊಟ್ಟು ಗೋಲು ಬಿಟ್ಟುಕೊಟ್ಟರು. ಪುಣ್ಯಕ್ಕೆ ಲಿವರ್‌ಪೂಲ್ 2-1ರಿಂದ ಉಳಿಯಿತು. 2023ರಿಂದ ಹೆಚ್ಚುವರಿ ಸಮಯ ತೆಗೆದುಹಾಕಿದ್ದಾರೆ, ಸಮವಾದರೆ ನೇರ ಪೆನಾಲ್ಟಿ. ಭಾರತದಲ್ಲಿ ರಾತ್ರಿ 12.30ಕ್ಕೆ ಟಿವಿ ಹಾಕಿ ಕೂರುವವರಿಗೆ ಇದರಿಂದ ಅರ್ಧ ಗಂಟೆ ನಿದ್ದೆ ಉಳಿಯಿತು. ಈ ಕಪ್ಪಿನ ಇತಿಹಾಸದಲ್ಲಿ ಜನೋಪಯೋಗಿ ತೀರ್ಮಾನವೆಂದರೆ ಇದೊಂದೇ.

ಪಂದ್ಯದ ಮಹತ್ವ ಮಾತ್ರ ಪಂದ್ಯ ಮುಗಿದ ಮೇಲೇ ಗೊತ್ತಾಗುವುದು. ಸೋತರೆ ಅದು ಋತುವಿಗೆ ಮುಂಚಿನ ಒಳ್ಳೆಯ ಅಭ್ಯಾಸ. ಗೆದ್ದರೆ ಕ್ಲಬ್ಬಿನ ಇತಿಹಾಸದ ಮತ್ತೊಂದು ಯುರೋಪಿಯನ್ ಕಿರೀಟ, ಗಾಜಿನ ಕಪಾಟಿನಲ್ಲಿ ಜಾಗ. ರಿಯಲ್ ಮ್ಯಾಡ್ರಿಡ್ ಕಪಾಟಿನಲ್ಲಿ ಇಂಥವು ಆರಿವೆ. ಸೆವಿಯಾ 2014ರಿಂದೀಚೆಗೆ ಐದು ಸಲ ಬಂದು ಐದೂ ಸಲ ಸೋತಿದೆ. ಆ ಲೆಕ್ಕದಲ್ಲಿ ಯುರೋಪಿನಲ್ಲಿ ಅವರಷ್ಟು ಒಳ್ಳೆಯ ಅಭ್ಯಾಸ ಬೇರೆ ಯಾರಿಗೂ ಆಗಿರಲಾರದು. ಬಂದು ನಿಂತದ್ದಕ್ಕೇ 40 ಲಕ್ಷ ಯುರೋ, ಗೆದ್ದರೆ ಮೇಲೆ 10 ಲಕ್ಷ. ಅಂದರೆ ಬರುವುದಕ್ಕೆ ನಾಲ್ಕು ಪಾಲು, ಗೆಲ್ಲುವುದಕ್ಕೆ ಒಂದು ಪಾಲು. ಯಾವುದು ಮುಖ್ಯವೆಂದು ಯುಇಎಫ್‌ಎ ತಾನೇ ಬೆಲೆ ಕಟ್ಟಿ ಇಟ್ಟಿದೆ.

ಮೂರನೇ ದರ್ಜೆಯ ಕಾನ್ಫರೆನ್ಸ್ ಲೀಗ್ ಗೆದ್ದವರಿಗೆ ಇಲ್ಲಿ ಪ್ರವೇಶವಿಲ್ಲ. 2025ರಲ್ಲಿ ಅದನ್ನು ಗೆದ್ದದ್ದು ಚೆಲ್ಸಿ. ಅದೇ ಚೆಲ್ಸಿ ಜುಲೈ 13ರಂದು ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ ಪಿಎಸ್‌ಜಿಯನ್ನು 3-0ಯಿಂದ ಸೋಲಿಸಿತ್ತು. ಅದೇ ಋತುವಿನ ಪ್ರೀಮಿಯರ್ ಲೀಗಿನಲ್ಲಿ ಟಾಟೆನ್‌ಹ್ಯಾಮನ್ನು 4-3ರಿಂದ ಒಮ್ಮೆ, 1-0ಯಿಂದ ಇನ್ನೊಮ್ಮೆ ಸೋಲಿಸಿತ್ತು. ಉಡಿನೆಯ ಹುಲ್ಲಿನ ಮೇಲೆ ಎದುರುಬದುರು ನಿಂತ ಎರಡೂ ತಂಡಗಳಿಗೆ ಮಣ್ಣು ಮುಕ್ಕಿಸಿದವರಿಗೆ ಆ ಬುಧವಾರ ರಜೆ. ಲೀಗಿನಲ್ಲಿ 4ನೇ ಸ್ಥಾನಕ್ಕೆ ಬಂದು ಕೂತದ್ದೇ ಅವರ ತಪ್ಪಿರಬೇಕು.