ಮನೆಗೊಂದು ಬೋರ್‌ವೆಲ್

ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಸಾಫ್ಟ್‌ವೇರ್ ಹಾಕಿಕೊಳ್ಳುವುದೆಂದರೆ ಮೊದಲು ವಠಾರದ ನಲ್ಲಿಯ ವ್ಯವಹಾರ. ಹಲವು ಪ್ರೋಗ್ರಾಂಗಳಿಗೆ ಬೇಕಾಗುವ ಸಿದ್ಧ ಕೋಡಿನ ಕಟ್ಟುಗಳು, ಅಂದರೆ ಲೈಬ್ರರಿಗಳೆಂಬ ನೀರು, ಎಲ್ಲರಿಗೂ ಒಂದೇ. 1999ರಲ್ಲಿ ಡೆಬಿಯನ್ ಎಂಬ ಬಗೆಯ ಲಿನಕ್ಸ್ ಜೊತೆ ಬಂದ ಆಪ್ಟ್ ಎಂಬ ಸಾಫ್ಟ್‌ವೇರ್ ಇಳಿಸುವ ಸಾಧನ, ಯಾರಿಗೆ ಯಾವ ಲೈಬ್ರರಿ ಬೇಕೆಂದು ತಾನೇ ಲೆಕ್ಕ ಹಾಕಿ ತಂದುಕೊಡುತ್ತಿತ್ತು. ಜಗಳವೂ ಇತ್ತೆನ್ನಿ. ಒಬ್ಬರಿಗಾಗಿ ನಲ್ಲಿ ಬದಲಿಸಿದರೆ ಪಕ್ಕದ ಮನೆಯವರ ಬಿಂದಿಗೆ ಅದರಡಿ ಕೂರುತ್ತಿರಲಿಲ್ಲ.

ಈಗ ಮನೆಗೊಂದು ಬೋರ್‌ವೆಲ್. ಸ್ನ್ಯಾಪ್, ಫ್ಲಾಟ್‌ಪ್ಯಾಕ್, ಆಪ್‌ಇಮೇಜ್ ಎಂದು ಸಾಫ್ಟ್‌ವೇರ್ ಕಟ್ಟಿಕೊಡುವ ಈ ಹೊಸ ಬಗೆಗಳ ಹೆಸರು ಬೇರೆಯಾದರೂ ಬೇಕಾದ ಸಾಮಾನನ್ನೆಲ್ಲ ಕಟ್ಟಿಕೊಂಡೇ ಬರುತ್ತವೆ. ಚಿತ್ರದುರ್ಗದವರಿಗೆ ಬೋರ್‌ವೆಲ್ ಮಹಿಮೆ ಹೇಳಬೇಕೆ? ಇಲ್ಲಿ ಇಳಿಯುವುದು ಅಂತರ್ಜಲ, ಅಲ್ಲಿ ಡಿಸ್ಕಿನ ಜಾಗ. ಫ್ಲಾಟ್‌ಪ್ಯಾಕಿನಲ್ಲಿ ರನ್‌ಟೈಮ್ ಅಂತ ಲೈಬ್ರರಿಗಳ ಒಂದು ಗಂಟನ್ನು ಹಲವರು ಹಂಚಿಕೊಳ್ಳುತ್ತಾರೆ, ನಿಜ. ಆದರೆ ಒಬ್ಬನಿಗೆ ಅದರ ಹಳೇ ಆವೃತ್ತಿಯೇ ಆಗಬೇಕು, ಇನ್ನೊಬ್ಬನಿಗೆ ಹೊಸದೇ. 2020ರಲ್ಲಿ ಬಂದ ಉಬುಂಟು 20.04 ಎಂಬ ಲಿನಕ್ಸ್‌ನಲ್ಲಂತೂ ಆಪ್ಟ್‌ಗೆ ಕ್ರೋಮಿಯಂ ಬ್ರೌಸರ್ ಕೇಳಿದರೆ ಅದು ಸ್ನ್ಯಾಪ್ ಇಳಿಸುತ್ತಿತ್ತು. ನಲ್ಲಿ ತಿರುಗಿಸಿದರೆ ಬೋರ್ ಲಾರಿ ಬಂದು ನಿಂತ ಹಾಗೆ! ಉಬುಂಟು ಮೇಲೆಯೇ ಕಟ್ಟಿದ ಲಿನಕ್ಸ್ ಮಿಂಟ್‌ನವರು ಸಿಟ್ಟಾಗಿ ಅದೇ 2020ರಲ್ಲಿ ಸ್ನ್ಯಾಪ್‌ಗೆ ಬಾಗಿಲು ಹಾಕಿದರು.

ಇಷ್ಟೆಲ್ಲ ತಿಳಿದಿದ್ದ ನನ್ನ ಮಾನ ಹೋದದ್ದು ದೊಡ್ಡಪ್ಪನ ಪೆನ್‌ಡ್ರೈವ್‌ನಿಂದ. ಗೃಹಪ್ರವೇಶದ ಕಾರ್ಡಿಗೆ ಹೊಸ ಮನೆಯ ಫೋಟೊ ಹಾಕಬೇಕಿತ್ತು. ಫೈಲ್ ಮ್ಯಾನೇಜರಿನಲ್ಲಿ ಪೆನ್‌ಡ್ರೈವ್ ಕಣ್ಣಿಗೆ ರಾಚುವಂತೆ ಕೂತಿದೆ. ಹೊಸ ಬಗೆಯಲ್ಲಿ ಇಳಿಸಿದ್ದ ಫೋಟೊ ತಿದ್ದುವ ಪ್ರೋಗ್ರಾಂ ಒಳಗಿಂದ ನೋಡಿದರೆ ಇಲ್ಲವೇ ಇಲ್ಲ.

"ಏನಪ್ಪಾ, ನಿನ್ನ ಕಂಪ್ಯೂಟರಿಗೂ ಪೊರೆ ಬಂದೈತಾ?" ಆಗಷ್ಟೇ ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದ ದೊಡ್ಡಪ್ಪ ಕೇಳಿದರು.

"ಅದು ಭದ್ರತೆ ದೊಡ್ಡಪ್ಪ. ಈ ಪ್ರೋಗ್ರಾಂ ಸುತ್ತ ಬೇಲಿ ಹಾಕಿರ್ತಾರೆ. ಕಳ್ಳ ಪ್ರೋಗ್ರಾಂ ಬಂದ್ರೂ ನಮ್ಮ ಫೈಲು ಮುಟ್ಟಬಾರದು ಅಂತ. ನಾವೇ ಅನುಮತಿ ಕೊಡಬೇಕು."

"ಕಳ್ಳ ಮುಟ್ಟಲ್ಲ, ಸರಿ. ಮಾಲೀಕ್ರು ಯಾವಾಗ ಮುಟ್ಟೋದು?"

ಅನುಮತಿ ಕೊಡುವ ಕಮಾಂಡ್ ಹುಡುಕುತ್ತ ಮೆನು ತೆರೆದರೆ ಅದೇ ಪ್ರೋಗ್ರಾಂನ ಮೂರು ಐಕಾನು! ಆಪ್ಟ್‌ನದೊಂದು, ಸ್ನ್ಯಾಪ್‌ನದೊಂದು, ಫ್ಲಾಟ್‌ಪ್ಯಾಕ್‌ನದೊಂದು. ಒಂದರ ಸೆಟ್ಟಿಂಗು ಇನ್ನೊಂದಕ್ಕಿಲ್ಲ, ಒಂದೇ ಮನೆಯಲ್ಲಿ ಪಾಲಾದ ಅಣ್ಣತಮ್ಮಂದಿರು.

"ಹಳೇದನ್ನ ಒತ್ತು," ಎಂದರು ದೊಡ್ಡಪ್ಪ.

ಆಪ್ಟ್‌ನದನ್ನು ಒತ್ತಿದೆ. ಅದಕ್ಕೆ ಬೇಲಿಯಿಲ್ಲವಲ್ಲ, ಪೆನ್‌ಡ್ರೈವ್ ಥಟ್ಟನೆ ಕಂಡಿತು. ದೊಡ್ಡಪ್ಪ ದೊಡ್ಡಮ್ಮನನ್ನು ಕರೆದು, ಕಂಪ್ಯೂಟರ್ ರಿಪೇರಿ ಮಾಡಿದ್ದು ಯಾರೆಂದು ಎರಡೆರಡು ಸಲ ಹೇಳಿದರು. ಆದರೆ ಕಾರ್ಡಿಗೆಂದು ನಾನು ಹೊಸ ಆವೃತ್ತಿಯಲ್ಲಿ ಮಾಡಿಟ್ಟಿದ್ದ ಬಳ್ಳಿಯ ಬಾರ್ಡರ್ ಈ ಹಳೆಯದರಲ್ಲಿ ತೆರೆಯಲೇ ಇಲ್ಲ. ಮುಹೂರ್ತ ಹತ್ತಿರವಿತ್ತು. ಕಾರ್ಡು ಬಾರ್ಡರ್ ಇಲ್ಲದೆಯೇ ಅಚ್ಚಿಗೆ ಹೋಯಿತು.