ಗೇಜ್ ಹಾಕದೆ ಎಂಜಿನ್ ಇಳಿಸಿ ಅಂತೀರಲ್ಲ, ಯಾವ ನ್ಯಾಯ?

ಹಳೇ ಪಿಕಪ್ ಇಟ್ಟುಕೊಂಡವರಿಗೆ ಗ್ಯಾರೇಜಿನಲ್ಲಿ ಸಿಗುವ ಉತ್ತರ ಒಂದೇ. "ಬೋರ್ ಹೋಗಿದೆ ಸಾರ್, ಎಂಜಿನ್ ಇಳಿಸಬೇಕು." ಅಂದರೆ ಸಿಲಿಂಡರ್ ಒಳಗೋಡೆ ಸವೆದಿದೆ, ಎಂಜಿನ್ ಕೆಳಗಿಳಿಸಿ ಬಿಚ್ಚಿ ರಿಪೇರಿ ಮಾಡಬೇಕು ಅಂತ. ಬಾನೆಟ್ ಕೂಡ ಎತ್ತಿರುವುದಿಲ್ಲ. ಎಕ್ಸಲೇಟರ್ ಒಂದು ಸಲ ಒತ್ತುತ್ತಾರೆ, ಸೈಲೆನ್ಸರ್ ಕಡೆ ಒಂದು ಸಲ ನೋಡುತ್ತಾರೆ, ಮುಗೀತು. ಅಷ್ಟು ನೋಡಿ ಅರವತ್ತು ಸಾವಿರದ ಲೆಕ್ಕ ಹೇಳುತ್ತಾರೆ. ನನಗೆ ತಲೆ ಕೆಟ್ಟು ಹೋಗಿದೆ.

ನಮ್ಮದು 2008ರ ಡೀಸೆಲ್ ಗಾಡಿ. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಫ್ಯಾನು) ಇದೆ, ಆದರೆ ಕಾಮನ್ ರೈಲ್ (ಒಂದೇ ಕೊಳವೆಯಲ್ಲಿ ಭಾರಿ ಒತ್ತಡದ ಡೀಸೆಲ್ ತುಂಬಿಟ್ಟು ಎಲ್ಲ ಸಿಲಿಂಡರ್‌ಗೆ ಹಂಚುವ ಪದ್ಧತಿ) ಅಲ್ಲ. ಹಳೇ ಕಾಲದ ಪಂಪು, ಡೀಸೆಲ್ ಚಿಮ್ಮಿಸುವ ಒಂದೊಂದು ನಾಜಲ್‌ಗೆ ಒಂದೊಂದು ಪೈಪು. ಸಕಲೇಶಪುರದ ಕಡೆಯಿಂದ ಶುಂಠಿ ತುಂಬಿಕೊಂಡು ಮಂಗಳೂರಿಗೆ ಇಳಿಯುತ್ತದೆ, ಬರುವಾಗ ಗೊಬ್ಬರ ಹೇರಿಕೊಂಡು ಶಿರಾಡಿ ಘಾಟಿ ಹತ್ತುತ್ತದೆ. ಘಾಟಿಯಲ್ಲಿ ಲೋಡ್ ಬಿದ್ದಾಗ ಕಟಕಟ ಅಂತ ಬಡಿತ ಶುರುವಾಯಿತು. ಜೊತೆಗೆ ಆಯಿಲ್ ಕುಡಿಯುವುದು ಜಾಸ್ತಿ ಆಯಿತು. ಡಿಪ್‌ಸ್ಟಿಕ್ ತೆಗೆದಾಗಲೆಲ್ಲ ಮಟ್ಟ ಕೆಳಗೆ.

ಬಡಿತ ಒಂದು ತೊಂದರೆ, ಆಯಿಲ್ ಕಡಿಮೆಯಾಗುವುದು ಇನ್ನೊಂದು. ಎರಡಕ್ಕೂ ಕಾರಣ ಒಂದೇ ಇರಬಹುದು, ಬೇರೆ ಬೇರೆಯೂ ಇರಬಹುದು. ಅದನ್ನು ಹುಡುಕುವುದೇ ಮೇಸ್ತ್ರಿಯ ಕೆಲಸ ಅಲ್ವಾ? ನಾನು ಹೋದ ಗ್ಯಾರೇಜುಗಳಲ್ಲಿ ಯಾರೂ ಹುಡುಕಲಿಲ್ಲ. ಒಬ್ಬರು ದಪ್ಪ ಆಯಿಲ್ ಹಾಕಿ ಅಂದರು. ಕಂಪನಿ ಪುಸ್ತಕದಲ್ಲಿ 15ಡಬ್ಲ್ಯೂ-40 ಅಂತ ಬರೆದಿರುವಾಗ 20ಡಬ್ಲ್ಯೂ-50 ಸುರಿಯಿರಿ ಅಂತ. ಇನ್ನೊಬ್ಬರು ಡಬ್ಬಿಯಲ್ಲಿ ಬರುವ ಅಂಟಂಟು ದ್ರಾವಣ ಒಂದನ್ನು ಬಿಲ್ಲಿಗೆ ಸೇರಿಸಿದರು. ಬಡಿತದ ಬಗ್ಗೆ ಕೇಳಿದರೆ, "ಡೀಸೆಲ್ ಗಾಡಿ ಸಾರ್, ಸದ್ದು ಇದ್ದೇ ಇರುತ್ತೆ."

ಇರುತ್ತದೆ, ಗೊತ್ತು. ಬೆಳಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ಎಲ್ಲ ಡೀಸೆಲ್ ಗಾಡಿಯೂ ಕಟಕಟ ಅನ್ನುತ್ತದೆ. ಸಿಲಿಂಡರ್ ಒಳಗೆ ಗಾಳಿ ಇನ್ನೂ ಸಾಕಷ್ಟು ಕಾದಿರುವುದಿಲ್ಲ. ಹಾಗಾಗಿ ಚಿಮ್ಮಿದ ಡೀಸೆಲ್ ತಕ್ಷಣ ಹತ್ತಿಕೊಳ್ಳದೆ ಒಂದು ಕ್ಷಣ ಸೇರಿಕೊಂಡು, ಆಮೇಲೆ ಒಟ್ಟಿಗೆ ಉರಿಯುತ್ತದೆ. ಆ ಹೊಡೆತವೇ ಸದ್ದು. ಆದರೆ ನನ್ನ ಗಾಡಿ ಬಡಿಯುತ್ತಿದ್ದದ್ದು ಚೆನ್ನಾಗಿ ಬಿಸಿಯಾದ ಮೇಲೆ, ಲೋಡ್ ಬಿದ್ದಾಗ, ಒಂದೇ ಕಡೆಯಿಂದ. ಅದನ್ನು ಸಹಜ ಅನ್ನುವವರಿಗೆ ಕಿವಿ ಇಲ್ಲವಾ?

ಕೊನೆಗೆ ಬಡಿತ ಹಿಡಿದದ್ದು ಡೀಸೆಲ್ ಪಂಪ್ ರಿಪೇರಿ ಮಾಡುವ ಒಬ್ಬ ವಯಸ್ಸಾದ ಮೇಸ್ತ್ರಿ. ಎಕ್ಸಲೇಟರ್ ಒತ್ತದೆ ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗಲೇ ಸ್ಪ್ಯಾನರ್ ತೆಗೆದುಕೊಂಡು ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲ ಮಾಡಿದರು. ಸಡಿಲ ಮಾಡಿದ ಸಿಲಿಂಡರ್‌ಗೆ ಡೀಸೆಲ್ ಹೋಗುವುದಿಲ್ಲ, ಅದು ಉರಿಯುವುದು ನಿಲ್ಲುತ್ತದೆ. ಮೂರನೆಯದರ ನಟ್ ಸಡಿಲವಾದಾಗ ಬಡಿತ ನಿಂತಿತು. ಇಷ್ಟೇ ಪರೀಕ್ಷೆ! ಹತ್ತು ನಿಮಿಷದ ಕೆಲಸ. (ಕಾಮನ್ ರೈಲ್ ಗಾಡಿಗೆ ಯಾರೂ ಹೀಗೆ ಮಾಡಬೇಡಿ. ಅದರ ಒತ್ತಡಕ್ಕೆ ಡೀಸೆಲ್ ಚರ್ಮವನ್ನೇ ಸೀಳಿ ಒಳಗೆ ಹೋಗುತ್ತದೆ.) ನಾಜಲ್ ಬಿಚ್ಚಿ ಟೆಸ್ಟರ್‌ಗೆ ಹಾಕಿದರೆ ಮಂಜಿನ ಹಾಗೆ ಸಿಂಪಡಿಸಬೇಕಾದದ್ದು ಹನಿ ಹನಿಯಾಗಿ ತೊಟ್ಟಿಕ್ಕುತ್ತಿತ್ತು.

ತೊಟ್ಟಿಕ್ಕುವ ನಾಜಲ್ ಬರೀ ಸದ್ದು ಮಾಡಿ ಸುಮ್ಮನಿರುವುದಿಲ್ಲ. ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದು ಹಾಕುತ್ತದೆ. ಆಗ ಪಿಸ್ಟನ್ ಸುತ್ತಲಿನ ರಿಂಗು, ಬೋರು ನಿಜವಾಗಿಯೂ ಸವೆಯುತ್ತವೆ. ಅಂದರೆ "ಡೀಸೆಲ್ ಗಾಡಿ ಸದ್ದು ಇರುತ್ತೆ" ಅಂತ ಕಳಿಸಿದವರ ಮಾತು ನಂಬಿ ನಾನು ಇನ್ನೊಂದು ವರ್ಷ ಓಡಿಸಿದ್ದರೆ ಎಂಜಿನ್ ಇಳಿಸುವ ಕಾಲ ಬಂದೇ ಬರುತ್ತಿತ್ತು. ಆಗ "ನಾನು ಮೊದಲೇ ಹೇಳಿದ್ದೆ" ಅಂತ ಅವರೇ ಎದೆಯುಬ್ಬಿಸುತ್ತಿದ್ದರು. ಇದನ್ನು ನೆನೆದರೆ ಮೈ ಉರಿಯುತ್ತದೆ.

ಇನ್ನು ಆಯಿಲ್ ವಿಷಯ. ಬೋರ್ ಹೋಗಿದೆಯೋ ಇಲ್ಲವೋ ನೋಡಲು ಎಂಜಿನ್ ಇಳಿಸುವ ಅಗತ್ಯ ಇಲ್ಲ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಬಹುದು. ರಿಂಗ್ ಸವೆದಿದ್ದರೆ ಅಲ್ಲಿಂದ ಹೊಗೆ ಬುಸುಬುಸು ಅಂತ ಒತ್ತಿಕೊಂಡು ಬರುತ್ತದೆ. ಆಮೇಲೆ ಕಂಪ್ರೆಶನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ತೋರಿಸುವ ಮೀಟರ್) ಹಾಕಿ ನಾಲ್ಕೂ ಸಿಲಿಂಡರ್ ಅಳೆಯಬಹುದು. ಒಂದು ಮಾತ್ರ ಕಡಿಮೆ ಬಂದರೆ ಅಲ್ಲೇನೋ ಇದೆ ಅಂತ ಅರ್ಥ. ಯಾವಾಗ ನೀಲಿ ಹೊಗೆ ಬರುತ್ತದೆ ಅನ್ನುವುದನ್ನಾದರೂ ಕೇಳಬಹುದಿತ್ತು. ತುಂಬ ಹೊತ್ತು ಐಡಲ್‌ನಲ್ಲಿ ನಿಂತು, ಆಮೇಲೆ ಒತ್ತಿದಾಗ ಒಮ್ಮೆ ಬುಸ್ ಅಂತ ಬಂದು ನಿಂತರೆ ಮೊದಲು ಟರ್ಬೊ, ವಾಲ್ವ್ ಸೀಲ್ ಕಡೆ ನೋಡಬೇಕು. ನನ್ನದು ಹಾಗೇ ಬರುತ್ತಿತ್ತು. ಯಾರೂ ಕೇಳಲಿಲ್ಲ!

ಅದೇ ಹಿರಿಯ ಮೇಸ್ತ್ರಿ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣ್ಣಗಾಗಿಸುವ ಭಾಗ) ಪೈಪ್ ಬಿಚ್ಚಿ ನೋಡಿ ಅಂದರು. ಬಿಚ್ಚಿದೆವು. ಒಳಗೆ ಸ್ವಲ್ಪ ಆಯಿಲ್ ಜಿಡ್ಡು ಇರುವುದು ಮಾಮೂಲು, ಆದರೆ ನಮ್ಮದರಲ್ಲಿ ಆಯಿಲ್ ನಿಂತಿತ್ತು, ಬಗ್ಗಿಸಿದರೆ ಸುರಿಯುವಷ್ಟು. ಟರ್ಬೊ ಹಾದಿಯಲ್ಲಿ ಆಯಿಲ್ ಎಂಜಿನ್ನಿಗೆ ಹೋಗಿ ಉರಿಯುತ್ತಿತ್ತು. ಇದು ಸಣ್ಣ ವಿಷಯ ಅಲ್ಲ. ಡೀಸೆಲ್ ಎಂಜಿನ್ ತನ್ನದೇ ಆಯಿಲ್ ಕುಡಿದು ಓಡತೊಡಗಿದರೆ ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ, ರೇಸ್ ಏರುತ್ತಲೇ ಹೋಗುತ್ತದೆ. ಶಿರಾಡಿ ತಿರುವಿನಲ್ಲಿ, ಹಿಂದೆ ಟ್ಯಾಂಕರ್ ಸಾಲು ಇರುವಾಗ ಹಾಗಾಗಿದ್ದರೆ ನನ್ನ ಡ್ರೈವರ್ ಹುಡುಗನ ಗತಿ ಏನು? ಅವನಿಗೆ ಮನೆಯಲ್ಲಿ ಎರಡು ಸಣ್ಣ ಮಕ್ಕಳಿದ್ದಾರೆ.

ಪೈಪಿನ ಆಯಿಲ್ ಫೋಟೊ ತೆಗೆದು ಮೊದಲಿನ ಗ್ಯಾರೇಜಿಗೆ ತೋರಿಸಿದೆ. "ಹಾಗಾದರೆ ಹೊಸ ಟರ್ಬೊ ಹಾಕೋಣ ಸಾರ್" ಅಂದರು. ಮತ್ತೆ ಅದೇ ಕತೆ! ಟರ್ಬೊ ಯಾಕೆ ಆಯಿಲ್ ಬಿಡುತ್ತಿದೆ ಅಂತ ನೋಡಬೇಡವಾ? ಏರ್ ಫಿಲ್ಟರ್ ಕಟ್ಟಿಕೊಂಡರೂ ಟರ್ಬೊ ಆಯಿಲ್ ಎಳೆಯುತ್ತದೆ. ಟರ್ಬೊದಿಂದ ಆಯಿಲ್ ಕೆಳಗೆ ಇಳಿಯುವ ಪೈಪು ಕಟ್ಟಿಕೊಂಡರೂ ಸೀಲ್ ಹತ್ತಿರ ಸೋರುತ್ತದೆ. ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್ ಮುಚ್ಚಿದರೂ ಅಷ್ಟೇ, ಒಳಗೆ ಒತ್ತಡ ಏರಿ ಆಯಿಲ್ ಸರಿಯಾಗಿ ಇಳಿಯುವುದಿಲ್ಲ. ಇದ್ಯಾವುದನ್ನೂ ಸರಿ ಮಾಡದೆ ಹೊಸ ಟರ್ಬೊ ಹಾಕಿದರೆ ಅದೂ ಸೋರುತ್ತದೆ. ನಮ್ಮ ಗಾಡಿಯ ಬ್ರೀದರ್ ಪೈಪಿನಲ್ಲಿ ಕಪ್ಪು ಕಸ ಗಟ್ಟಿಯಾಗಿ ಕೂತಿತ್ತು. ಸರ್ವಿಸ್ ಬಿಲ್ಲಿನಲ್ಲಿ ಪ್ರತಿ ಸಲ "ಜನರಲ್ ಚೆಕಪ್" ಅಂತ ದುಡ್ಡು ತೆಗೆದುಕೊಂಡಿದ್ದಾರೆ. ಏನು ಚೆಕ್ ಮಾಡಿದರು?

ನಾಜಲ್ ಬದಲಾಯಿಸಿದೆವು, ಬ್ರೀದರ್ ಸ್ವಚ್ಛ ಮಾಡಿದೆವು. ಬಡಿತ ನಿಂತಿದೆ. ಕಂಪ್ರೆಶನ್ ಚೆನ್ನಾಗಿದೆ, ನಾಲ್ಕರಲ್ಲೂ ಹೆಚ್ಚುಕಡಿಮೆ ಸಮ ಬಂದಿದೆ. ಅಂದರೆ ಇಳಿಸಿಯೇ ತೀರಬೇಕು ಅಂದ ಎಂಜಿನ್ ಸರಿಯಾಗೇ ಇದೆ. ಆಯಿಲ್ ಮಟ್ಟ ಈಗ ದಿನಾ ನೋಡುತ್ತಿದ್ದೇನೆ, ಇಳಿಯುವುದು ತುಂಬ ಕಡಿಮೆಯಾಗಿದೆ. ಟರ್ಬೊ ಶಾಫ್ಟ್ ಅಲುಗಾಡುತ್ತಿದೆಯಾ ಅಂತ ಇನ್ನೊಮ್ಮೆ ನೋಡಿಸಬೇಕು.

ಹಳೇ ಗಾಡಿಯ ಮೇಲೆ ಎಷ್ಟೋ ಮನೆ ನಡೆಯುತ್ತಿದೆ. ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಇನ್ಶೂರೆನ್ಸ್ ಕಟ್ಟಬೇಕು, ಹೊಗೆ ಟೆಸ್ಟ್ ಮಾಡಿಸಬೇಕು. ಗಾಡಿ ನಿಂತ ದಿನ ಬಾಡಿಗೆ ಇಲ್ಲ. ಅಂಥವರ ಹತ್ತಿರ ಅಂದಾಜಿನ ಮೇಲೆ ಅರವತ್ತು ಸಾವಿರ ಕೇಳಲು ಹೇಗೆ ಮನಸ್ಸು ಬರುತ್ತದೆ? ಬೋರ್ ಹೋಗಿದ್ದರೆ ಹೋಗಿದೆ ಅನ್ನಿ, ಮಾಡಿಸುತ್ತೇನೆ. ಆದರೆ ಗೇಜ್ ಎಷ್ಟು ತೋರಿಸಿತು ಅಂತ ಚೀಟಿಯಲ್ಲಿ ಬರೆದು ಕೊಡಿ. ಅದಾಗದಿದ್ದರೆ ನನ್ನ ಗಾಡಿಯ ಬಾನೆಟ್ ಮುಟ್ಟಬೇಡಿ.