‘ರಾಮ್ ಔರ್ ಶ್ಯಾಮ್’ ನಿರ್ಮಾಪಕರು ಯಾರು: ಒಂದು ಸ್ಪಷ್ಟನೆ
ತೆಲುಗು ನಿರ್ಮಾಪಕ ಡಿ. ರಾಮಾನಾಯ್ಡು ಅವರು ‘ರಾಮುಡು ಭೀಮುಡು’ ಚಿತ್ರದಿಂದಲೇ ನಿರ್ಮಾಣಕ್ಕಿಳಿದು, ಬಳಿಕ ಅದನ್ನೇ ಹಿಂದಿಯಲ್ಲಿ ‘ರಾಮ್ ಔರ್ ಶ್ಯಾಮ್’ ಎಂದು ತಾವೇ ನಿರ್ಮಿಸಿದರೆಂಬ ಮಾತು ಹರಿದಾಡುತ್ತಿದೆ. ಇವೆರಡೂ ಸರಿಯಲ್ಲ. ಅವರು 1963ರ ‘ಅನುರಾಗಂ’ ಚಿತ್ರದಲ್ಲೇ ಪಾಲುದಾರರಾಗಿದ್ದರು. ಹಿರಿಯ ಮಗನ ಹೆಸರಿನಲ್ಲಿ ಕಟ್ಟಿದ ಸುರೇಶ್ ಪ್ರೊಡಕ್ಷನ್ಸ್ ಸಂಸ್ಥೆಯ ಮೊದಲ ಚಿತ್ರವಷ್ಟೇ 1964ರ ‘ರಾಮುಡು ಭೀಮುಡು’.

1967ರ ಹಿಂದಿ ಚಿತ್ರದ ನಿರ್ಮಾಪಕರು ಬಿ. ನಾಗಿ ರೆಡ್ಡಿ. ಎರಡನ್ನೂ ತಾಪಿ ಚಾಣಕ್ಯ ಅವರೇ ನಿರ್ದೇಶಿಸಿದ್ದರಿಂದ ಈ ಗೊಂದಲ ಹುಟ್ಟಿರಬಹುದು. ಆದರೆ ಒಬ್ಬ ಹಿರಿಯರ ದುಡಿಮೆಯನ್ನು ಇನ್ನೊಬ್ಬರ ಖಾತೆಗೆ ಬರೆಯುವುದು ಇಬ್ಬರಿಗೂ ಅನ್ಯಾಯ. ತಮ್ಮದೇ ಯಶಸ್ವಿ ತೆಲುಗು ಚಿತ್ರವನ್ನು ರಾಮಾನಾಯ್ಡು ಹಿಂದಿಗೆ ಒಯ್ದದ್ದಕ್ಕೆ ಸರಿಯಾದ ನಿದರ್ಶನ, 1971ರ ‘ಪ್ರೇಮ ನಗರ್’ ಆಧರಿಸಿ 1974ರಲ್ಲಿ ಅದೇ ಹೆಸರಿನಲ್ಲಿ ಬಂದ ಚಿತ್ರ.